ಸೋಂಪಿನಡಿಯ ನೋಟು

ದರ್ಶಿನಿಯಲ್ಲಿ ನಿಂತೇ ಇಡ್ಲಿ ಮುಗಿಸುವ ಬೆಂಗಳೂರಿನವರಿಗೆ ಟಿಪ್ಸ್ ಅಭ್ಯಾಸ ಎಲ್ಲಿಂದ ಬರಬೇಕು? ತಟ್ಟೆ ತಂದವರೂ ನಾವೇ, ಇಟ್ಟವರೂ ನಾವೇ. ಅಂಥವರು ಕೋಲ್ಕತ್ತದ ಗರಿಯಾಹಾಟ್‌ನಲ್ಲಿ ಸೀರೆಗೆ ಚೌಕಾಸಿ ಮಾಡಿ ಹಸಿದು, ದಾಸ್ ಕ್ಯಾಬಿನ್‌ಗೆ ನುಗ್ಗಿ ಮೊಗಲಾಯಿ ಪರೋಟ ಹೊಡೆದರೆ, ಅಸಲಿ ಪರೀಕ್ಷೆ ಆಮೇಲೆ.

ಬಿಲ್ಲು ಬರುತ್ತದೆ, ಜೊತೆಗೆ ಸೋಂಪು. ಬಡಿಸಿದ ದಾದಾ ಫ್ಯಾನ್ ನೋಡುತ್ತಾ ನಿಲ್ಲುತ್ತಾರೆ, ನಮ್ಮನ್ನಂತೂ ನೋಡುವುದಿಲ್ಲ. ಆ ನೋಡದಿರುವಿಕೆಗೇ ನಾನು ಹತ್ತು ರೂಪಾಯಿ ಹೆಚ್ಚು ಕೊಡಬಲ್ಲೆ.

“ರೀ, ಇಪ್ಪತ್ತು ಸಾಕು.”

“ಬಿಲ್ಲಿನ ಹತ್ತು ಪರ್ಸೆಂಟ್ ಕೊಡಬೇಕಂತೆ ಕಣೇ.”

“ಯಾರಂದ್ರು? ನಿಮಗೆ ಇನ್‌ಕ್ರಿಮೆಂಟೇ ಅಷ್ಟು ಬಂದಿಲ್ಲ!”

ಸೇವಾ ಶುಲ್ಕವನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿತು. 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸರಿ, ಕೊಡುವುದು ಬಿಡುವುದು ನಮ್ಮಿಷ್ಟ. ಆದರೆ ಪಕ್ಕದ ಮೇಜಿನವರು ಐವತ್ತರ ನೋಟು ಸೋಂಪಿನಡಿ ಸೇರಿಸುವಾಗ ಯಾವ ಹೈಕೋರ್ಟ್ ನಮ್ಮ ಕೈ ಹಿಡಿಯುತ್ತದೆ?

ಜಿಪುಣರ ಕೊನೆಯ ಆಸರೆ ಯುಪಿಐ. “ಚಿಲ್ಲರೆ ಇಲ್ಲವಲ್ಲ ದಾದಾ” ಎಂದು ಹಲ್ಲು ಕಿರಿದರೆ, ದಾದಾ ಅಷ್ಟೇ ವಿನಯದಿಂದ ತಮ್ಮ ಫೋನಿನ ಕ್ಯೂಆರ್ ಮುಂದೆ ಹಿಡಿಯುತ್ತಾರೆ.