ತಲೆಯ ಮೇಲೊಂದು ಕುರಿಮಂದೆ

ಸ್ವೆಟರನ್ನು ಬಿಸಿನೀರಲ್ಲಿ ಒಗೆದು ಗೊಂಬೆಗೆ ತೊಡಿಸುವಷ್ಟು ಚಿಕ್ಕದು ಮಾಡಿದವರಿಗೆ ಫೆಲ್ಟಿಂಗ್ ವಿದ್ಯೆ ಆಗಲೇ ಕರಗತ. ಉಣ್ಣೆಯ ಎಳೆಯ ಮೈತುಂಬ ಕಣ್ಣಿಗೆ ಕಾಣದ ಹುರುಪೆಗಳು. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಒಂದಕ್ಕೊಂದು ಸಿಕ್ಕಿಕೊಂಡು ಜಪ್ಪಯ್ಯ ಅಂದರೂ ಬಿಡವು. ಮೆಲ್ಬರ್ನಿನಲ್ಲಿರುವ ನಮ್ಮಕ್ಕನ ಮಗಳು ಹೀಗೇ ಜಟೆ ತಯಾರಿಸುತ್ತಾಳೆ. ಮೆರಿನೊ ಉಣ್ಣೆಗೆ ನೇರಳೆ, ನವಿಲುಬಣ್ಣ ಹಾಕಿ, ಸೋಪುನೊರೆಯಲ್ಲಿ ಅದ್ದಿ, ದೀಪದ ಬತ್ತಿಯಂತೆ ಅಂಗೈಯಲ್ಲಿ ಹೊಸೆಯುವುದು. ಉದ್ದನೆಯದನ್ನು ನಡುವೆ ಮಡಚಿ ಸ್ವಂತ ಕೂದಲಿನ ಬುಡಕ್ಕೆ ಸೇರಿಸಿ ಹೆಣೆದರೆ ಒಂದಕ್ಕೆ ಎರಡು ಜಟೆ! ವರ್ಷಗಟ್ಟಲೆ ತಪಸ್ಸಿಗೆ ಕೂತ ಋಷಿಗಳಿಗೆ ಈ ಉಪಾಯ ಹೊಳೆಯಲಿಲ್ಲ, ಪಾಪ.

ವಿಡಿಯೋ ಕಾಲಿನಲ್ಲಿ ಅವಳ ಜಟೆ ಕಂಡ ನಮ್ಮಮ್ಮ, "ತಲೆಗೆ ಎಣ್ಣೆ ಹಚ್ಚಿ ಎಷ್ಟು ದಿನ ಆಯ್ತೇ?" ಎಂದರು.

"ಅಜ್ಜಿ, ಇದು ಉಣ್ಣೆ. ಬೇಡ ಅಂದಾಗ ಬಿಚ್ಚಿಡಬಹುದು."

ಸೆಕೆಗಾಲದಲ್ಲಿ ತಲೆಗೆ ಕಂಬಳಿ ಹೊದ್ದ ಸುಖ, ನೆನೆದರೆ ಬೇಗ ಒಣಗದ ಭಾರ, ಒದ್ದೆ ಕುರಿಯ ಪರಿಮಳ, ಇದ್ಯಾವುದನ್ನೂ ಅವಳು ಬಾಯಿಬಿಡಲಿಲ್ಲ. ನಮ್ಮ ಡೆಕ್ಕನಿ ಕುರಿಯ ಉಣ್ಣೆ ಕಳಿಸಲೇ ಎಂದೆ. ಅದು ಒರಟು, ಕಂಬಳಿಗೆ ಸೈ, ಕತ್ತಿಗೆ ಚುಚ್ಚುತ್ತದಂತೆ.

ಅಷ್ಟರಲ್ಲಿ ಅಮ್ಮ ಫೋನು ಕಿತ್ತುಕೊಂಡು ದನಿ ತಗ್ಗಿಸಿದರು: "ನನ್ನ ಚೌರಿ ಹಳೇದಾಗಿದೆ ಕಣೇ. ನರೆಗೂದಲಿಗೆ ಹೊಂದೋ ಬಣ್ಣದಲ್ಲಿ ಸಿಗುತ್ತಾ?"