ಆನೆಕೆರೆಯಲ್ಲಿ ಶಾರ್ಕ್ ಇಲ್ಲ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯವರಿಗೂ ಸಮುದ್ರಕ್ಕೂ ಅಂಥ ಬಳಕೆಯಿಲ್ಲ. ಶಿರಸಿ ದಾಟಿ ಘಟ್ಟ ಇಳಿದರೆ ಅರಬ್ಬಿ ಸಮುದ್ರವೇ ಸಿಗುತ್ತದೆ, ನಿಜ. ಆದರೆ ನಮ್ಮ ವರದೆ, ಕುಮುದ್ವತಿಯರೇ ಅದಕ್ಕೆ ಬೆನ್ನು ಹಾಕಿ, ತುಂಗಭದ್ರೆಯನ್ನು ಕೂಡಿಕೊಂಡು, ಕೃಷ್ಣೆಯ ಬೆನ್ನು ಹತ್ತಿ, ಆಂಧ್ರ ಸುತ್ತಿ ಬಂಗಾಳಕೊಲ್ಲಿಗೆ ಹೋಗುತ್ತಾರೆ. ನದಿಗಳಿಗೇ ಬೇಡವಾದ ಸಮುದ್ರ ನಮಗೇಕೆ ಎಂದು ನಾವೂ ಸುಮ್ಮನಿದ್ದೆವು. ನೀರಿನ ಪ್ರಾಣಿ ಎಂದರೆ ಗದ್ದೆಯ ಏಡಿ, ಕಾಲಿಗೆ ಹತ್ತುವ ಜಿಗಣಿ, ಹೆಚ್ಚೆಂದರೆ ಹಾನಗಲ್ಲ ಆನೆಕೆರೆಯ ನೀರುಹಾವು. ಇಷ್ಟಾಗಿಯೂ ಇವತ್ತು ಶಾರ್ಕ್‌ಗೆ ಹೆದರುವುದರಲ್ಲಿ ನಾವು ಕಾರವಾರದವರನ್ನು ಹಿಂದೆ ಹಾಕಿದ್ದೇವೆ. ಎಲ್ಲ ಮೊಬೈಲಿನ ಕೃಪೆ.

ರಾತ್ರಿ ಊಟವಾದ ಮೇಲೆ ನಮ್ಮ ಮನೆಯಲ್ಲಿ ಸಮುದ್ರದ ಭೂತಗಳ ದರ್ಶನ ನಡೆಯುತ್ತದೆ. ಆವತ್ತು ಬಂದದ್ದು ಆಂಗ್ಲರ್ ಮೀನು. ಬಿಸಿಲು ಮುಟ್ಟದ ಆಳದಲ್ಲಿ ಹೆಣ್ಣು ಮೀನಿನ ಹಣೆಯಿಂದ ಗಾಳದಂಥದೊಂದು ಕಡ್ಡಿ ಚಾಚಿಕೊಂಡಿರುತ್ತದೆ. ಅದರ ತುದಿಯಲ್ಲಿ ಮನೆ ಮಾಡಿರುವ ಬ್ಯಾಕ್ಟೀರಿಯಾಗಳೇ ದೀಪ. ಬೆಳಕು ನೋಡಿ ಹತ್ತಿರ ಬಂದದ್ದು ಬಾಯೊಳಗೆ. ಗಂಡಿನ ಪಾಡು ಇನ್ನೂ ವಿಚಿತ್ರ. ಕೆಲವು ಜಾತಿಗಳಲ್ಲಿ ಬೆರಳುದ್ದವೂ ಇಲ್ಲದ ಗಂಡು, ಹೆಣ್ಣಿನ ಮೈಗೆ ಬಾಯಿ ಹಚ್ಚಿ ಅಲ್ಲೇ ಬೆಸೆದುಹೋಗುತ್ತದೆ. ರಕ್ತನಾಳಗಳೂ ಒಂದಾಗುತ್ತವೆ. ಅಲ್ಲಿಂದ ಮುಂದೆ ಉಣ್ಣುವ ಚಿಂತೆಯೂ ಇಲ್ಲ, ಈಜುವ ಕಷ್ಟವೂ ಇಲ್ಲ. ನಾನು ಗಾಬರಿಯ ದನಿಯಲ್ಲಿ ಇದನ್ನು ವಿವರಿಸಿದರೆ ನಮ್ಮ ಅತ್ತಿ ಅಡಿಕೆ ಕತ್ತರಿಸುತ್ತಲೇ ಕೇಳಿಸಿಕೊಂಡು, “ಮನಿ ಅಳಿಯ ಅನ್ನು. ಅದಕ್ಕ್ಯಾಕ ಅಂಜತೀಯೋ? ನಮ್ಮ ಓಣ್ಯಾಗ ಇಬ್ರು ಅದಾರ,” ಎಂದರು.

ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಬಂಡೆಗಳ ಸಂದಿಯಲ್ಲಿ ಮೊರೇ ಈಲ್ ಎಂಬ ಹಾವಿನಾಕಾರದ ಮೀನಿದೆ. ಅದಕ್ಕೆ ಎರಡು ಜೊತೆ ದವಡೆ. ಮುಂದಿನದು ಕಚ್ಚಿ ಹಿಡಿದರೆ, ಗಂಟಲಲ್ಲಿ ಅಡಗಿರುವ ಎರಡನೆಯದು ಮುಂದೆ ಹಾರಿ ಬಂದು ಬೇಟೆಯನ್ನು ಒಳಕ್ಕೆ ಎಳೆದೊಯ್ಯುತ್ತದೆ. ಅಮೆರಿಕದ ವಿಜ್ಞಾನಿಗಳು ಇದನ್ನು 2007ರಲ್ಲಿ ವಿವರಿಸಿದರು. ಒಂದೇ ದವಡೆಯಿಂದ ಸವಣೂರು ಖಾರದ ಪೊಟ್ಟಣವನ್ನು ಬಸ್ಸು ಶಿಗ್ಗಾಂವಿ ಮುಟ್ಟುವುದರೊಳಗೆ ಮುಗಿಸುವ ನನಗೆ ಇದೇನು ದೊಡ್ಡ ಸಾಧನೆ ಅನ್ನಿಸಲಿಲ್ಲ.

ಇನ್ನು ಲೋಳೆಮೀನು. ಮೆದುಳಿಲ್ಲ, ಹೃದಯವಿಲ್ಲ, ಎಲುಬಿಲ್ಲ. ಮೈಯೆಲ್ಲ ಹೆಚ್ಚುಕಡಿಮೆ ನೀರೇ. ಆದರೂ ಈ ವಂಶ 50 ಕೋಟಿ ವರ್ಷದಿಂದ ನಡೆದು ಬಂದಿದೆ ಎಂದು ಓದಿದ ದಿನ ನನ್ನ ಭವಿಷ್ಯದ ಬಗ್ಗೆ ನನಗೂ ಧೈರ್ಯ ಬಂತು.

ಇವೆಲ್ಲ ಪಕ್ಕಕ್ಕಿರಲಿ. ನನ್ನ ಮನಸ್ಸು ಗೆದ್ದದ್ದು ಕಡಲಹಾವು. ಚಪ್ಪಟೆ ಬಾಲವೇ ಅದರ ಹುಟ್ಟು. ಮುಳುಗುವಾಗ ಮೂಗಿಗೆ ಮುಚ್ಚಳ. ಶ್ವಾಸಕೋಶ ಹೆಚ್ಚುಕಡಿಮೆ ಮೈಯುದ್ದಕ್ಕೂ ಇದೆ, ಸಾಲದ್ದಕ್ಕೆ ಚರ್ಮದಿಂದಲೂ ಒಂದಿಷ್ಟು ಉಸಿರಾಟ. ನಾಲಿಗೆಯ ಕೆಳಗೆ ಉಪ್ಪು ಹೊರಹಾಕುವ ಗ್ರಂಥಿ. ಇಷ್ಟೆಲ್ಲ ಸೌಕರ್ಯ ಇದ್ದಮೇಲೆ ಸಮುದ್ರದ ನೀರು ಕುಡಿದು ಹಾಯಾಗಿರಬಹುದಲ್ಲ? ಹಳದಿ ಹೊಟ್ಟೆಯ ಕಡಲಹಾವು ಉಪ್ಪುನೀರು ಮುಟ್ಟುವುದಿಲ್ಲ. ಸುತ್ತ ನೀರಿದ್ದೂ ತಿಂಗಳುಗಟ್ಟಲೆ ಬಾಯಾರಿ ಸೊರಗುತ್ತದೆ. ಜೋರು ಮಳೆ ಬಂದಾಗ ಹಗುರವಾದ ಸಿಹಿನೀರು ಸಮುದ್ರದ ಮೇಲೆ ಸ್ವಲ್ಪ ಹೊತ್ತು ತೆಳ್ಳಗೆ ನಿಲ್ಲುತ್ತದಂತೆ. ಆಗ ಬಂದು ಹೊಟ್ಟೆ ತುಂಬ ಕುಡಿಯುತ್ತದೆ.

ಹಿರೇಕೆರೂರು ಕಡೆಯ ನಮ್ಮ ಬೀಗರು ಗೋವಿನಜೋಳ ಬಿತ್ತಿ ಮುಗಿಲು ನೋಡುತ್ತ ಕೂತಿದ್ದಾಗ ಈ ಸಂಗತಿ ಹೇಳಿದೆ. ಅವರಿಗೇನೂ ಆಶ್ಚರ್ಯವಾಗಲಿಲ್ಲ. “ನೀರಾಗ ಇದ್ದೂ ಮಳಿ ದಾರಿ ಕಾಯ್ತೈತಿ ಅಂದ್ರ ಅದು ನಮ್ಮ ಪೈಕಿನ ಬಿಡ್ರಿ. ಬೆಳೆವಿಮೆ ಮಾಡಿಸೈತೇನು ಕೇಳ್ರಿ,” ಎಂದರು.

ಸಂಬಂಧ ಬೆಳೆಸಲು ಮಾತ್ರ ಹೋಗಬೇಡಿ. ಕಡಲಹಾವುಗಳ ವಿಷ ಘೋರ. ಮೀನುಗಾರರಿಗೆ ಅದು ಕಚ್ಚುವುದು ಹೆಚ್ಚಾಗಿ ಬಲೆ ಬಿಡಿಸುವಾಗ. ಕಚ್ಚಿದಾಗ ನೋವು ಅಷ್ಟಾಗಿ ತಿಳಿಯುವುದಿಲ್ಲ, ಮೈಕೈ ಹಿಡಿದುಕೊಳ್ಳುವುದು ಆಮೇಲೆ.

ಶಾಲೆಯ ಪ್ರವಾಸದಲ್ಲಿ ಗೋಕರ್ಣ, ಮುರುಡೇಶ್ವರಕ್ಕೆ ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ದಂಡೆಗೆ ಬಿದ್ದ ಲೋಳೆಮೀನನ್ನು ಯಾರೂ ಕೈಯಲ್ಲಿ ಎತ್ತದಿರಲಿ; ಅದು ಸತ್ತ ಮೇಲೂ ಅದರ ಕುಟುಕು ಕಣಗಳು ಸಿಡಿಯುತ್ತವೆ. ನೀರಿಗಿಳಿದವರು ಕಾಲೆತ್ತಿ ಇಡದೆ ಮರಳಲ್ಲಿ ಎಳೆದುಕೊಂಡು ನಡೆಯಲಿ. ಅಡಗಿ ಕೂತ ತೊರಕೆ ಮೀನು ಸಪ್ಪಳಕ್ಕೇ ಸರಿದುಹೋಗುತ್ತದೆ. ಅದರ ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಲ್ಲಿ ಕಾಲಿಟ್ಟರೆ ನೋವು ತಗ್ಗುತ್ತದೆ, ಅಲ್ಲಿಂದ ನೇರ ಆಸ್ಪತ್ರೆಗೆ. ಹಾವು ಕಂಡರಂತೂ ದೂರದಿಂದಲೇ ನಮಸ್ಕಾರ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಹಾವಿನ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾಡಿದ್ದು, ಕಡಲಹಾವಿಗಲ್ಲ.