ಲಿಂಕಕ್ಕ

ಅವಳ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿದೆ. ಓಣಿಗೆ ಮಾತ್ರ ಅವಳು ಲಿಂಕಕ್ಕ. ಕಿವಿ ಮಂದವಾದ ಹಿರಿಯರು ಅದನ್ನು ಲಿಂಗಕ್ಕ ಅಂತಲೇ ಕೇಳಿಸಿಕೊಂಡು, ‘ದೈವಭಕ್ತರ ಮನೆತನ’ ಎಂದು ಮೆಚ್ಚಿಕೊಂಡಿದ್ದಾರೆ. ಬೆಳಗಿನ ಐದೂಮುಕ್ಕಾಲಿಗೆ, ಹಾಲಿನವನಿಗಿಂತ ಮೊದಲೇ, ನಮ್ಮ ಮನೆಯ ಮೊಬೈಲು ಟಿಣ್ ಅನ್ನುತ್ತದೆ. ಒಂದು ಗುಲಾಬಿ, ‘ಶುಭೋದಯ’, ಅದರ ಬುಡಕ್ಕೆ ನೈಟಿಯ ಲಿಂಕು. ಒಂದು ನೈಟಿ ಹೋದರೆ ಅವಳಿಗೆ ಮೂವತ್ತೋ ನಲವತ್ತೋ ಉಳಿಯುತ್ತದೆ. ಪಟೇಲ್ ನಗರ, ಚಿತ್ತವಾಡ್ಗಿ, ಅಮರಾವತಿ, ಹೊಸಪೇಟೆಯ ಯಾವ ಓಣಿಗೆ ಹೋದರೂ ಇಂಥ ಅಕ್ಕ ಒಬ್ಬಳು ಸಿಗುತ್ತಾಳೆ. ನಮ್ಮವಳು ಉಳಿದವರಿಗಿಂತ ಒಂದು ತೂಕ ಜಾಸ್ತಿ, ಅಷ್ಟೆ.

ಅವಳ ವಾಟ್ಸಾಪ್ ಬಳಗಕ್ಕೆ ಚಿತ್ರವಾಗಿ ನಿಂತಿರುವುದು ದೇವರಲ್ಲ, ನಮ್ಮ ತುಂಗಭದ್ರೆಯ ಟಿಬಿ ಡ್ಯಾಮು. ಅದೂ 33 ಗೇಟುಗಳಲ್ಲಿ ಒಂದೂ ತೆರೆಯದ ಡ್ಯಾಮು. ‘ಉಳಿತಾಯ ಅಂದ್ರೆ ಹಿಂಗಿರಬೇಕಣ್ಣ, ತೊಟ್ಟೂ ಸೋರಬಾರದು’ ಅನ್ನುತ್ತಾಳೆ.

ಅವಳು ಹುಟ್ಟಾ ಜಿಪುಣಿಯಲ್ಲ. ಬೀಜಿಂಗ್ ಒಲಿಂಪಿಕ್ಸ್ ಕಾಲದಲ್ಲಿ ಚೀನಾದವರು ಸಂಡೂರಿನ ಕೆಂಪು ಮಣ್ಣಿಗೆ ಮುಗಿಬಿದ್ದಾಗ, ಊರಿನ ಅರ್ಧ ಗಂಡಸರಂತೆ ಇವಳ ಗಂಡನೂ ಸಾಲ ಮಾಡಿ ಲಾರಿ ತಂದ. ಆ ನಾಲ್ಕು ವರ್ಷ ಲಿಂಕಕ್ಕ ತರಕಾರಿಯವನ ಹತ್ತಿರ ಚೌಕಾಸಿಯನ್ನೇ ಮಾಡಲಿಲ್ಲವಂತೆ. ಈಗ ಆ ಮಾತು ಎತ್ತಿದರೆ, ಪರರ ಪಾಪ ಕೇಳಿದವರ ಹಾಗೆ ಕಿವಿ ಮುಚ್ಚಿಕೊಳ್ಳುತ್ತಾಳೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿ ಮನೆ ಮುಂದೆ ನಿಂತಿತು, ಕಂತು ಮಾತ್ರ ನಿಲ್ಲಲಿಲ್ಲ. ಕೊನೆಗೆ ಲಾರಿಯೂ ಹೋಯಿತು. ಉಳಿದದ್ದು ಬರೆಯದ ಟ್ರಿಪ್ ಶೀಟಿನ ಹನ್ನೊಂದು ಪುಸ್ತಕ. ಗಂಡ ಈಗ ತಿಂಗಳ ಸಂಬಳಕ್ಕೆ ಬೇರೆಯವರ ಗಾಡಿ ಓಡಿಸುತ್ತಾನೆ.

ಆ ಹನ್ನೊಂದು ಪುಸ್ತಕಗಳೇ ಇವತ್ತು ಲಿಂಕಕ್ಕನ ಮನೆಲೆಕ್ಕದ ಖಾತೆ. ಕಾಗದ ದಂಡ ಮಾಡುವ ಹೆಂಗಸಲ್ಲ ಅವಳು. ಒಮ್ಮೆ ನನಗೆ ತೋರಿಸಿದಳು. ‘ಎಲ್ಲಿಂದ’ ಅನ್ನುವ ಮನೆಯಲ್ಲಿ ‘ಸಂತೆ’. ‘ಎಲ್ಲಿಗೆ’ ಅನ್ನುವಲ್ಲಿ ‘ಅಡಿಗಿಮನಿ’. ‘ಟನ್’ ಕಾಲಮ್ಮಿನಲ್ಲಿ ಕಾಲು ಕೇಜಿ ಬೆಂಡೆಕಾಯಿಯನ್ನು 0.00025 ಎಂದು ತಪ್ಪಿಲ್ಲದೆ ಬರೆದಿದ್ದಳು. ‘ಡೀಸೆಲ್’ ಕಾಲಮ್ಮು ಅಡಿಗೆ ಎಣ್ಣೆಗೆ. ಎಲ್ಲಕ್ಕಿಂತ ದಪ್ಪವಾಗಿ ತುಂಬಿದ್ದು ‘ಬಾಡಿಗೆ’, ಅಂದರೆ ಆದಾಯ. ಆ ತಿಂಗಳು ಒಟ್ಟು ₹6,870.

‘ಇಷ್ಟು ಬಂತಾ ಅಕ್ಕ?’ ಎಂದೆ.

‘ಕೈಗೆ ಬಂದಿದ್ದು ₹640. ಉಳಿದದ್ದು ಖರ್ಚಾಗದೆ ಬಂದಿದ್ದು.’

ಲಿಂಕಕ್ಕನ ಇಡೀ ಅರ್ಥಶಾಸ್ತ್ರ ಇದರಲ್ಲಿದೆ. ಹೋಗದ ದುಡ್ಡು ಬಂದ ದುಡ್ಡು. 2023ರ ಜೂನ್ 11ಕ್ಕೆ ಹೆಂಗಸರಿಗೆ ಫ್ರೀ ಬಸ್ಸಿನ ಶಕ್ತಿ ಯೋಜನೆ ಬಂತಲ್ಲ, ಅಂದಿನಿಂದ ಬಸ್ಸಿನ ಸೊನ್ನೆ ಟಿಕೆಟ್ಟುಗಳನ್ನೆಲ್ಲ ದಾರದಲ್ಲಿ ಪೋಣಿಸಿ ಇಟ್ಟಿದ್ದಾಳೆ. ಪ್ರತಿ ಟಿಕೆಟ್ಟಿನ ಎದುರು, ದುಡ್ಡು ಕೊಟ್ಟಿದ್ದರೆ ಎಷ್ಟಾಗುತ್ತಿತ್ತೋ ಅಷ್ಟು ‘ಬಾಡಿಗೆ’ ಜಮಾ. ಹೀಗಾಗಿ ಕೆಲಸವಿಲ್ಲದಿದ್ದರೂ ಕಂಪ್ಲಿಗೆ ಹೋಗಿ ಬಂದರೆ ಅವಳಿಗೆ ಲಾಭವೇ. ಸುಮ್ಮನೆ ಹೋಗುವುದೂ ಇಲ್ಲ ಅನ್ನಿ. ಕಂಪ್ಲಿ ಭತ್ತದ ಊರು, ಅಲ್ಲಿಯ ಮಿಲ್ಲಿನಲ್ಲಿ ನುಚ್ಚು ಸಸ್ತಾ. ಒಮ್ಮೆ ಒಬ್ಬಳೇ ಐದು ಮನೆಯ ಚೀಲ ಹೊರಿಸಿಕೊಂಡು ಬಸ್ ಹತ್ತಿದಾಗ ಕಂಡಕ್ಟರ್, ‘ಅಕ್ಕಾ, ಫ್ರೀ ಇರೋದು ನಿಮಗೆ, ಮೂಟೆಗಲ್ಲ’ ಅಂದನಂತೆ. ಮುಂದಿನ ತಿಂಗಳು ಐದು ಜನ ಹೆಂಗಸರನ್ನೇ ಕರೆದುಕೊಂಡು ಹೋದಳು. ಐದು ಆಧಾರ್, ಐದು ಸೊನ್ನೆ ಟಿಕೆಟ್, ಒಬ್ಬೊಬ್ಬಳ ತೊಡೆಯ ಮೇಲೆ ಒಂದೊಂದು ಚೀಲ. ನನ್ನ ಹೆಂಡತಿಯೂ ಆ ದಂಡಿನಲ್ಲಿದ್ದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ವಾರಕ್ಕೆ ಮೂರು ದಿನ ನುಚ್ಚಿನ ಉಪ್ಪಿಟ್ಟು.

ಅವಳ ಉಳಿತಾಯ ಅವಳಿಗೇ ತಿರುಗಿಬಿದ್ದದ್ದು ಫ್ರೀ ಕರೆಂಟಿನ ಗೃಹಜ್ಯೋತಿಯಲ್ಲಿ. ಹಿಂದಿನ ವರ್ಷ ಎಷ್ಟು ಸರಾಸರಿ ಉರಿಸಿದ್ದೀರೋ ಅದಕ್ಕೆ ಶೇ 10 ಸೇರಿಸಿ ಫ್ರೀ ಅಂದರು. ಕತ್ತಲಲ್ಲಿ ಕೂತು ಸರಾಸರಿಯನ್ನು 38 ಯೂನಿಟ್ಟಿಗೆ ಇಳಿಸಿದವಳು ಇವಳು. ಎದುರುಮನೆಯವರದು 170. ‘ದುಂದು ಮಾಡಿದೋರಿಗೆ ಬಹುಮಾನ, ನನಗೆ ಮೂರು ಯೂನಿಟ್ಟಾ?’ ಎಂದು ಎರಡು ದಿನ ಗುಂಪಿಗೆ ಗುಲಾಬಿಯನ್ನೇ ಕಳಿಸಲಿಲ್ಲ. 2024ರ ಜನವರಿಯಲ್ಲಿ ಸರ್ಕಾರ, 48 ಯೂನಿಟ್ಟಿನೊಳಗೆ ಇರುವವರಿಗೆ ಶೇಕಡಾವಾರು ಬಿಟ್ಟು ಹತ್ತು ಯೂನಿಟ್ ಜಾಸ್ತಿ ಕೊಡುತ್ತೇವೆ ಅಂದಾಗ, ತನ್ನ ಗೋಳು ವಿಧಾನಸೌಧಕ್ಕೆ ಮುಟ್ಟಿತು ಅಂತಲೇ ತಿಳಿದಳು. ಓಣಿಗೆಲ್ಲ ಸಕ್ಕರೆ ಹಂಚಿದಳು. ಒಬ್ಬೊಬ್ಬರಿಗೆ ಒಂದು ಚಿಟಿಕೆ.

ಅವಳ ಯೂಟ್ಯೂಬ್ ಅಡುಗೆ ಚಾನೆಲ್ಲಿನ ಕಥೆ ಬೇರೆಯೇ. ಫೋನನ್ನು ಸೇರಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಉಪ್ಪಿನ ಭರಣಿಗೆ ಆನಿಸಿ ನಿಲ್ಲಿಸುತ್ತಾಳೆ. ದೀಪ ಹಾಕಿದರೆ ಯೂನಿಟ್ ಓಡುತ್ತದೆ, ಅದಕ್ಕೇ ಅಡುಗೆಮನೆ ಕಿಟಕಿಗೆ ಬಿಸಿಲು ಬೀಳುವ ಒಂಬತ್ತರಿಂದ ಒಂಬತ್ತೂ ಇಪ್ಪತ್ತರೊಳಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಎರಡೂ ಆಗಬೇಕು. ಒಂದು ದಿನ ಮಿರ್ಚಿ ಬಿಡುವ ಹೊತ್ತಿಗೆ ಕುಕ್ಕರ್ ಕೂಗಿತು, ಎರಡನೇ ಸಲ ರದ್ದಿಯವನು ಕೂಗಿದ, ಮೂರನೇ ಸಲ ಗಂಡ ಕೂಗಿದ. ಅವತ್ತು ಆ ಮನುಷ್ಯ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಮಿರ್ಚಿಯನ್ನೇ ತಿಂದ. ಎಣ್ಣೆ ‘ಡೀಸೆಲ್’ ಖಾತೆಗೆ ಹೋಯಿತು.

ಜಾಹೀರಾತಿನ ದುಡ್ಡು ಬರಬೇಕಾದರೆ ಸಾವಿರ ಚಂದಾದಾರರು, ಒಂದು ವರ್ಷದಲ್ಲಿ ನಾಲ್ಕು ಸಾವಿರ ಗಂಟೆ ನೋಟ ಬೇಕು. ಲಿಂಕಕ್ಕ ಭಾಗಿಸಿ ನೋಡಿದಳು: ಒಂದೇ ಫೋನು ರಾತ್ರಿಹಗಲು ಓಡಿದರೆ 166 ದಿನ, 16 ಗಂಟೆ. ಹತ್ತು ಮನೆ ಹಂಚಿಕೊಂಡರೆ ಹದಿನೇಳೇ ದಿನ! ಸರದಿ ಹಾಕಿಯೇ ಬಿಟ್ಟಳು. ನಮ್ಮ ಪಾಳಿ ಮಂಗಳವಾರ ರಾತ್ರಿ. ಫೋನನ್ನು ಗೋಡೆಗೆ ಮುಖಮಾಡಿ ಇಟ್ಟು ಮಲಗುತ್ತಿದ್ದೆವು; ರಾತ್ರಿಯಿಡೀ ಗೋಡೆ ಮಂಡಕ್ಕಿ ಮಾಡುವುದನ್ನು ಕಲಿಯಿತು. ಇಂಥ ನೋಟ ಲೆಕ್ಕಕ್ಕೆ ಬರುವುದಿಲ್ಲ ಎಂದು ಗೊತ್ತಾಗುವ ಹೊತ್ತಿಗೆ ಹತ್ತು ಮನೆಯ ಡೇಟಾ ಖಾಲಿಯಾಗಿತ್ತು. ಆಮೇಲೆ 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋಯಿತು. ಊರಿಗೆ ಊರೇ ಗಾಬರಿ. ಲಿಂಕಕ್ಕ ಸೇರು, ರಬ್ಬರ್ ಬ್ಯಾಂಡು ತಗೊಂಡು ಹೊಳೆ ಕಾಣುವ ಜಾಗಕ್ಕೆ ಹೋಗಿದ್ದಳು. ಅವಳ ನೂರಾ ಹತ್ತು ಅಡುಗೆಗಿಂತ ಆ ಒಂದು ಕೆಂಪು ನೀರಿನ ವಿಡಿಯೊವನ್ನೇ ಜನ ಹೆಚ್ಚು ನೋಡಿದರು. ಆದರೂ ಅವಳಿಗೆ ಅದು ಸಂತೋಷ ತರಲಿಲ್ಲ. ಬಳಗದ ಚಿತ್ರ ತೆಗೆದು, ವಾರದ ಮೇಲೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದ ಮೇಲೆಯೇ ಮತ್ತೆ ಹಾಕಿದ್ದು.

ಮೋಸಗಾರರು ಅವಳ ಹತ್ತಿರ ಸುಳಿದದ್ದೂ ಉಂಟು. ವಿಡಿಯೊಗೆ ಲೈಕ್ ಒತ್ತಿದರೆ ಒಂದಕ್ಕೆ ₹50 ಎಂದು ಸಂದೇಶ ಬಂತು. ಒತ್ತಿದಳು, ಮೂರು ಸಲ. ₹150 ಬಂದೇ ಬಂತು. ನಾಲ್ಕನೆಯದಕ್ಕೆ, ‘ಮೊದಲು ₹5,000 ಕಟ್ಟಿ, ಎರಡರಷ್ಟು ಕೊಡುತ್ತೇವೆ’ ಅಂದರು. ಓದುಬರಹ ಬಲ್ಲವರೇ ಲಕ್ಷಗಟ್ಟಲೆ ಸುರಿದು ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಹಚ್ಚುವುದು ಇಲ್ಲೇ. ಲಿಂಕಕ್ಕನಿಗೆ ಮಾತ್ರ ದುಡ್ಡು ಕೊಡುವ ಮಾತು ಬಂದರೆ ಕಿವಿಯೇ ಕೇಳಿಸುವುದಿಲ್ಲ. ‘ಕೆಲಸ ಕೊಡೋರು ದುಡ್ಡು ಕೊಡಬೇಕು, ಕೇಳ್ತಾರೇನು?’ ಎಂದು ಬ್ಲಾಕ್ ಮಾಡಿದಳು. ₹150 ಕೈದುಡಿಮೆಯ ಖಾತೆಗೆ, ₹5,000 ಖರ್ಚಾಗದ ಖಾತೆಗೆ ಜಮಾ ಆಯಿತು. ₹6,870 ಆದ ತಿಂಗಳು ಅದೇ.

ಅವಳನ್ನು ಮೀರಿಸಿದವಳು ಒಬ್ಬಳೇ, ಸಂಡೂರು ಕಡೆಯ ತಾಂಡಾದ ಒಬ್ಬ ಅಜ್ಜಿ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯಲ್ಲಿ 1,755 ಲಂಬಾಣಿ ಕಸೂತಿ ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದ್ದನ್ನು ಟೀವಿಯಲ್ಲಿ ಕಂಡವಳೇ ಲಿಂಕಕ್ಕ, ಕಸೂತಿ ಚೀಲ ಕೊಂಡು ಆನ್‌ಲೈನಿನಲ್ಲಿ ಮಾರೋಣ ಎಂದು ಸೊನ್ನೆ ಟಿಕೆಟ್ಟಿನಲ್ಲಿ ಹೋದಳು. ಅಜ್ಜಿ ಸೂಜಿಯಿಂದ ಕಣ್ಣೆತ್ತದೆ ಬೆಲೆ ಹೇಳಿದಳು. ಇವಳು ಅರ್ಧಕ್ಕೆ ಕೇಳಿದಳು. ಅಜ್ಜಿ ಚೀಲದ ಅರ್ಧಕ್ಕೆ ಬೆರಳಿಟ್ಟು, ‘ಇಲ್ಲೀಮಟ ಕತ್ತರಿಸಿ ಕೊಡ್ಲೇನವ್ವ?’ ಅಂದಳು. ಕನ್ನಡಿ ಎಷ್ಟು, ಕವಡೆ ಎಷ್ಟು, ಕೂತ ದಿನ ಎಷ್ಟು ಎಂದು ಬಿಡಿಸಿ ಹೇಳಿ, ‘ನಿನಗ ಇದರಾಗ ಎಷ್ಟು ಸಿಗತೈತಿ?’ ಎಂದು ಕೇಳಿದಳಂತೆ. ‘ನಲವತ್ತು.’ ‘ಬಾ, ಸೂಜಿ ಹಿಡಿ, ಜಾಸ್ತಿ ಸಿಗತೈತಿ.’ ಲಿಂಕಕ್ಕ ಹೇಳಿದಷ್ಟೂ ಕೊಟ್ಟು ಚೀಲ ತಂದಳು. ಮಾರಲಿಲ್ಲ. ಅದರಲ್ಲಿ ಈಗ ಸೊನ್ನೆ ಟಿಕೆಟ್ಟುಗಳಿವೆ.

ಹೋದ ವರ್ಷ ಏಪ್ರಿಲ್ 18ಕ್ಕೆ, ವಿಶ್ವ ಪರಂಪರೆ ದಿನ ಪ್ರವೇಶ ಫ್ರೀ ಎಂದು, ಓಣಿಯವರನ್ನೆಲ್ಲ ಹಂಪಿಗೆ ಹೊರಡಿಸಿದಳು. ವಿಠಲ ದೇವಸ್ಥಾನದ ಹತ್ತಿರ ಅರಸರ ತಕ್ಕಡಿ ಇದೆಯಲ್ಲ, ದೊರೆಗಳು ಚಿನ್ನದ ಸಮ ತೂಗಿಸಿಕೊಂಡು ದಾನ ಮಾಡುತ್ತಿದ್ದರು ಅನ್ನುವ ಕಲ್ಲಿನ ಕಮಾನು, ಅದರ ಕೆಳಗೆ ಬಹಳ ಹೊತ್ತು ನಿಂತಳು. ಭಕ್ತಿ ಬಂತೇನೋ ಅಂದುಕೊಂಡೆ.

‘ಅಣ್ಣ, ತೂಗೋಕೆ ಎಂಟು ದಿನ ಮುಂಚೆ ರಾಣಿ ಗಂಜಿ ಹಾಕಬೇಕಿತ್ತು. ಎಷ್ಟು ಬಂಗಾರ ಉಳೀತಿತ್ತು!’

ಈ ಬರಹದ ಸುದ್ದಿಯನ್ನು ನನ್ನ ಹೆಂಡತಿ ಬಾಯಿಬಿಟ್ಟಿದ್ದಾಳೆ. ನಿನ್ನೆ ಸಂಜೆ ಲಿಂಕಕ್ಕ ಟ್ರಿಪ್ ಶೀಟ್ ಹಿಡಿದುಕೊಂಡು ಬಂದಳು. ಸರಕು ತನ್ನದು, ಗಾಡಿ ನನ್ನದು, ಆದ್ದರಿಂದ ಇನ್ನೂರು ರೂಪಾಯಿ ತನಗೆ ಸೇರಬೇಕು ಎಂದು ವಾದ. ಅರ್ಧ ಗಂಟೆ ಚೌಕಾಸಿ ಮಾಡಿ ನೂರಕ್ಕೆ ಇಳಿಸಿದೆ. ಅವಳು ಕ್ಯೂಆರ್ ಕೋಡ್ ಹಿಡಿದಳು, ನಾನು ಸ್ಕ್ಯಾನ್ ಮಾಡಿದೆ. ಬರೆಯದ ಒಂದು ಹಾಳೆಯನ್ನು ಹುಷಾರಾಗಿ ಹರಿದು ನನ್ನ ಕೈಗಿಟ್ಟಳು.

‘ಬರಕೊಳ್ಳಿ ಅಣ್ಣ. ಇವತ್ತು ನಿಮಗೆ ನೂರು ರೂಪಾಯಿ ಬಂತಲ್ಲ.’